ಹೊಲಿಗೆ ಕಾಣದ ಲೋಕ

ಕಂಪ್ಯೂಟರಿನ ಆಟಗಳನ್ನು ಕುರಿತು ಮಾತನಾಡುತ್ತೇನೆಂದ ಕೂಡಲೆ ನಿಮ್ಮಲ್ಲಿ ಕೆಲವರು ರೇಡಿಯೋವಿನ ಕಿವಿ ತಿರುವಲು ಕೈ ಚಾಚಿರಬಹುದು. ದಯವಿಟ್ಟು ಸ್ವಲ್ಪ ತಾಳಿ. ಆಟದಿಂದ ಮಕ್ಕಳ ಕಣ್ಣು ಕೆಡುವುದೆ, ಓದು ಹಾಳಾಗುವುದೆ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಅದಕ್ಕೆ ಬೇರೆ ಮಂದಿ ಬೇಕಾದಷ್ಟಿದ್ದಾರೆ. ನಾನು ಹೇಳಹೊರಟಿರುವುದು ಒಂದು ಬಾಗಿಲಿನ ವಿಚಾರ.

ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಸ್ಕೈರಿಮ್ ಎಂಬ ಆಟವನ್ನು ಆಡುವಾಗ ಹಿಂದೆ ನಿಂತು ನೋಡಿದ್ದೀರಾ? ಅಮೆರಿಕದ ಬೆಥೆಸ್ಡ ಎಂಬ ಸಂಸ್ಥೆ 2011ರ ನವೆಂಬರಿನಲ್ಲಿ ಹೊರತಂದ ಆಟ ಅದು. ಅದರೊಳಗೆ ಒಂದು ದೇಶವೇ ಇದೆ: ಹಿಮದ ಬೆಟ್ಟ, ಪೈನ್ ಮರದ ಕಾಡು, ಹೊಳೆ, ಹೊಲ, ಹಳ್ಳಿ, ಪಾಳುಬಿದ್ದ ಕೋಟೆ. ಆಡುವವನು ಎತ್ತ ಬೇಕಾದರೂ ನಡೆದುಹೋಗಬಹುದು. ಹಾಗೆ ಬಹಳ ಹೊತ್ತು ಯಾವ ತಡೆಯೂ ಇಲ್ಲದೆ ನಡೆದು, ವೈಟ್‌ರನ್ ಎಂಬ ಪಟ್ಟಣದ ಹೆಬ್ಬಾಗಿಲಿಗೆ ಬಂದು ಕದ ಮುಟ್ಟಿದನೆನ್ನಿ. ತಟ್ಟನೆ ಎಲ್ಲವೂ ಮಾಯವಾಗುತ್ತದೆ. ಕಪ್ಪು ತೆರೆ ಇಳಿಯುತ್ತದೆ. ಅದರ ಮೇಲೆ ಒಂದು ವಿಗ್ರಹವೋ ಕತ್ತಿಯೋ ಮೆಲ್ಲಗೆ ತಿರುಗುತ್ತಿರುತ್ತದೆ. ಜೊತೆಗೆ ಒಂದೆರಡು ಸಾಲಿನ ಬುದ್ಧಿಮಾತು. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಅವನು ಪಟ್ಟಣದೊಳಗೆ ನಿಂತಿರುತ್ತಾನೆ.

ಬೆಟ್ಟ ಹತ್ತುವಾಗ ಇಲ್ಲದ, ಹೊಳೆ ದಾಟುವಾಗ ಇಲ್ಲದ ಈ ಕಾಯುವಿಕೆ ಊರ ಬಾಗಿಲಿನಲ್ಲಿ ಮಾತ್ರ ಏಕೆ? ಬಾಗಿಲು ತೆರೆದೇ ಇರಲಿ, ಬೀದಿಯಿಂದ ಬೀದಿಗೆ ಹೋಗುವಂತೆ ಒಳಗೆ ಹೋಗಿಬಿಡೋಣ ಎಂದರೆ ಆಗದೆ? ಹೀಗೆಂದು ಕೇಳಿ ಸುಮ್ಮನಾಗದೆ, ತಾವೇ ಕೈ ಹಾಕಿ ಆ ಹೊಲಿಗೆಯನ್ನು ಬಿಚ್ಚಹೊರಟ ಜನರಿದ್ದಾರೆ. ಅವರಿಗೆ ಎದುರಾದದ್ದೇನು ಎಂಬುದೇ ಇಂದಿನ ಮಾತು.

ಈ ಜನ ಮಾಡುವ ಮಾರ್ಪಾಟಿಗೆ ‘ಮಾಡ್’ ಎಂದು ಹೆಸರು. ಅದು ಮಾಡಿಫಿಕೇಶನ್ ಎಂಬ ಇಂಗ್ಲಿಷ್ ಮಾತಿನ ತುಂಡೇ ಹೊರತು ನಮ್ಮ ‘ಮಾಡು’ವಿಗೂ ಅದಕ್ಕೂ ನಂಟಿಲ್ಲ. ಆದರೂ, ‘ಬರಿದೆ ಆಡಿಕೊಂಡಿರಬೇಡ, ಏನಾದರೂ ಮಾಡು’ ಎಂದು ಹಿರಿಯರು ಹೇಳುವ ಮಾತನ್ನು ಇವರಷ್ಟು ಅಕ್ಷರಶಃ ಪಾಲಿಸಿದವರು ಕಡಮೆ. ಬೆಥೆಸ್ಡದವರು ಆಟದೊಂದಿಗೆ ಆಟ ಕಟ್ಟುವ ಉಪಕರಣವನ್ನೂ ಜನರ ಕೈಗೆ ಕೊಡುತ್ತ ಬಂದಿದ್ದಾರೆ. 2002ರಲ್ಲಿ ಬಂದ ಮಾರೋವಿಂಡ್ ಎಂಬ ಹಳೆಯ ಆಟದ ಡಿಸ್ಕಿನಲ್ಲಿಯೇ ಅದಿತ್ತು. ಸ್ಕೈರಿಮ್ ಆಟಕ್ಕೆ 2012ರ ಫೆಬ್ರವರಿಯಲ್ಲಿ ಬಂತು. ಅದನ್ನು ಹಿಡಿದು ಯಾರು ಬೇಕಾದರೂ ಹೊಸ ಮನೆ ಕಟ್ಟಬಹುದು, ಮರ ನೆಡಬಹುದು, ಊರಿಗೆ ಒಬ್ಬ ಹೊಸ ಕಮ್ಮಾರನನ್ನು ತರಬಹುದು. ಆದರೆ ಇವೆಲ್ಲವನ್ನೂ ನಡೆಸುವ ಎಂಜಿನ್ನಿನ ಒಳಗುಟ್ಟನ್ನು ಅವರು ಕೊಟ್ಟಿಲ್ಲ. ಬಾಡಿಗೆ ಮನೆಯ ಸ್ಥಿತಿ ಇದು. ಗೋಡೆಗೆ ಸುಣ್ಣ ಬಳಿಯಬಹುದು, ಅಂಗಳದಲ್ಲಿ ತುಳಸಿ ಇಡಬಹುದು; ತೊಲೆ ಕಂಬಗಳನ್ನು ಮುಟ್ಟುವಂತಿಲ್ಲ. ನಾನು ಮುಂದೆ ಹೇಳುವ ತೊಡಕುಗಳಲ್ಲಿ ಬಹುಪಾಲು ಈ ತೊಲೆ ಕಂಬಗಳವೇ.

ಮೊದಲು ಆ ಲೋಕ ನಿಂತಿರುವ ಬಗೆಯನ್ನು ನೋಡೋಣ. ಆಡುವವನ ಕಣ್ಣಿಗೆ ಅದು ಒಂದೇ ಹಾಸು. ಎಂಜಿನ್ನಿನ ಲೆಕ್ಕದಲ್ಲಿ ಅದು ಚದುರಂಗದ ಹಾಸಿನಂತೆ ಚೌಕಚೌಕವಾಗಿ ಕತ್ತರಿಸಿದ್ದು. ಸ್ಕೈರಿಮ್‌ನಲ್ಲಿ ಒಂದೊಂದು ಚೌಕದ ಬದಿ ಸುಮಾರು 58 ಮೀಟರು. ನೀವು ನಿಂತ ಚೌಕವನ್ನು ನಡುವೆ ಇಟ್ಟುಕೊಂಡು ಅಡ್ಡ ಐದು, ಉದ್ದ ಐದು, ಒಟ್ಟು 25 ಚೌಕಗಳು ಮಾತ್ರ ಯಾವ ಹೊತ್ತಿನಲ್ಲೂ ಜೀವಂತವಾಗಿರುತ್ತವೆ. ನೀವು ಒಂದು ಚೌಕ ಮುಂದೆ ಹೋದರೆ ಮುಂದಿನ ಐದು ಚೌಕಗಳು ಎದ್ದು ನಿಲ್ಲುತ್ತವೆ, ಹಿಂದಿನ ಐದು ಅಳಿಸಿಹೋಗುತ್ತವೆ. ಕತ್ತಲಲ್ಲಿ ಪೆಟ್ರೋಮ್ಯಾಕ್ಸ್ ದೀಪ ಹಿಡಿದು ನಡೆಯುವವನ ಸುತ್ತ ಬೆಳಕಿನ ವೃತ್ತವೂ ನಡೆದುಬರುವಂತೆ. ಒಂದು ವ್ಯತ್ಯಾಸವುಂಟು. ದೀಪದ ಬೆಳಕಿನಾಚೆಗೂ ನೆಲವಿದೆ, ಮರವಿದೆ, ಕಾಣುವುದಿಲ್ಲ ಅಷ್ಟೆ. ಇಲ್ಲಿ ಆಚೆಗೆ ಏನೂ ಇಲ್ಲ. ದೂರದಲ್ಲಿ ಕಾಣುವ ಬೆಟ್ಟಸಾಲು ಮೊದಲೇ ಒರಟೊರಟಾಗಿ ಮಾಡಿಟ್ಟ ಒಂದು ಗೊಂಬೆಬೆಟ್ಟ. ಅದರ ಮೇಲೆ ಯಾರೂ ನಡೆಯುವುದಿಲ್ಲ, ಕಲ್ಲೆಸೆದರೆ ತಾಗುವುದಿಲ್ಲ. ನೀವು ಹತ್ತಿರ ಹೋದಂತೆಲ್ಲ ಗೊಂಬೆಯನ್ನು ತೆಗೆದು ನಿಜವಾದುದನ್ನು ಅಲ್ಲಿ ಇಡುತ್ತಾರೆ. ಈ ಕೈಬದಲು ನಿಮ್ಮ ಕಣ್ಣಿಗೆ ಬೀಳದಿದ್ದರೆ ಅದೇ ಹೊಲಿಗೆ ಕಾಣದ ಲೋಕ.

ಈ ಉಪಾಯ ಕಾಡಿನಲ್ಲಿ ಚೆನ್ನಾಗಿ ನಡೆಯುತ್ತದೆ. ಒಂದು ಚೌಕದಲ್ಲಿ ಹತ್ತಾರು ಮರ, ನಾಲ್ಕು ಬಂಡೆ, ಒಂದು ಜಿಂಕೆ. ಪಟ್ಟಣದಲ್ಲಿ ಹಾಗಲ್ಲ. ಮನೆಗೊಂದು ಜಗಲಿ, ಅಂಗಡಿಯಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಎಲೆಕೋಸು. ಪ್ರತಿಯೊಂದು ಎಲೆಕೋಸನ್ನೂ ಎತ್ತಿಕೊಳ್ಳಬಹುದು, ಒದೆಯಬಹುದು. ಅದರ ಮೇಲೆ ತಂತಮ್ಮ ದಿನಚರಿಯಂತೆ ಓಡಾಡುವ ಜನ. ಆಟ ಬಂದ ಕಾಲದಲ್ಲಿ ಟಿ.ವಿ.ಗೆ ಜೋಡಿಸಿ ಆಡುತ್ತಿದ್ದ ಎಕ್ಸ್‌ಬಾಕ್ಸ್ 360 ಎಂಬ ಪೆಟ್ಟಿಗೆಯ ನೆನಪಿನ ಶಕ್ತಿ ಒಟ್ಟು 512 ಮೆಗಾಬೈಟು. ಇಂದು ನಿಮ್ಮ ಜೇಬಿನಲ್ಲಿರುವ ಸಾಧಾರಣ ಫೋನಿಗೂ ಅದರ ಹಲವು ಪಟ್ಟು ಇರುತ್ತದೆ. ಅಷ್ಟರಲ್ಲಿ ಕಾಡನ್ನೂ ಪಟ್ಟಣವನ್ನೂ ಒಟ್ಟಿಗೆ ನಿಲ್ಲಿಸುವುದು ಆಗದ ಕೆಲಸ. ಆದುದರಿಂದ ವೈಟ್‌ರನ್, ಸಾಲಿಟ್ಯೂಡ್, ವಿಂಡ್‌ಹೆಲ್ಮ್, ರಿಫ್ಟನ್, ಮಾರ್ಕಾರ್ಥ್ ಎಂಬ ಐದು ದೊಡ್ಡ ಪಟ್ಟಣಗಳನ್ನು ಅವರು ಹೊರಗಿನ ಬಯಲಿನಿಂದ ಕಿತ್ತು ಬೇರೆ ಬೇರೆ ಲೋಕಗಳಾಗಿ ಮಾಡಿಟ್ಟರು. ಬಾಗಿಲು ದಾಟುವಾಗ ಒಂದು ಲೋಕವನ್ನು ಮಡಿಸಿ ಇನ್ನೊಂದನ್ನು ಬಿಚ್ಚಬೇಕು. ಕಪ್ಪು ತೆರೆ ಆ ಹೊತ್ತಿಗೆ.

ಹಳೆಯ ಕಂಪನಿ ನಾಟಕಗಳನ್ನು ನೋಡಿದವರಿಗೆ ಇದು ಹೊಸದೇನೂ ಅಲ್ಲ. ಅರಮನೆಯ ದೃಶ್ಯ ಮುಗಿದ ಕೂಡಲೆ ಮುಂದೆ ಒಂದು ಬೀದಿಯ ಪರದೆ ಬೀಳುತ್ತಿತ್ತು. ಅದರ ಮುಂದೆ ಹಾಸ್ಯಗಾರನೂ ಅವನ ಹೆಂಡತಿಯೂ ಜಗಳವಾಡುತ್ತಿದ್ದರು. ನಾವು ನಗುತ್ತಿದ್ದಾಗ ಹಿಂದೆ ಸಿಂಹಾಸನವನ್ನು ಹೊತ್ತೊಯ್ದು ಕಾಡನ್ನು ನಿಲ್ಲಿಸುತ್ತಿದ್ದರು. ಕಂಪ್ಯೂಟರಿನ ಆಟಗಳಲ್ಲೂ ಈ ಹಾಸ್ಯದ ದೃಶ್ಯವುಂಟು. 2007ರ ಮಾಸ್ ಎಫೆಕ್ಟ್ ಎಂಬ ಆಟದಲ್ಲಿ ಪಾತ್ರಗಳು ಬಹು ನಿಧಾನವಾದ ಲಿಫ್ಟಿನಲ್ಲಿ ನಿಂತು ಮಾತನಾಡುತ್ತ ಮೇಲೇರುತ್ತವೆ. ಲಿಫ್ಟು ನಿಧಾನವಾದುದು ಅದನ್ನು ಕಟ್ಟಿದವರ ಸೋಮಾರಿತನದಿಂದಲ್ಲ. ಮೇಲಿನ ಮಹಡಿ ಇನ್ನೂ ಹುಟ್ಟಿರುವುದಿಲ್ಲ! ಹೊಲಿಗೆ ಕಾಣುವುದಿಲ್ಲ ಎಂದು ಹೊಗಳಿಸಿಕೊಂಡ ಎಷ್ಟೋ ಆಟಗಳಲ್ಲಿ ಹೊಲಿಗೆ ಇಲ್ಲದಿಲ್ಲ, ಒಳಮಡಿಕೆಗೆ ಹೋಗಿದೆ.

ಸ್ಕೈರಿಮ್‌ನಲ್ಲಿ ಅದು ಎದ್ದು ಕಾಣುತ್ತಿತ್ತು. ಅದನ್ನು ಬಿಚ್ಚಲು ಹೊರಟ ಮಾಡ್‌ಗಳಲ್ಲಿ ಹೆಸರಾದದ್ದು ಓಪನ್ ಸಿಟೀಸ್ ಎಂಬುದು. ಅದು ಮಾಡುವ ಕೆಲಸವನ್ನು ಒಂದು ವಾಕ್ಯದಲ್ಲಿ ಹೇಳಬಹುದು: ಐದು ಪಟ್ಟಣಗಳನ್ನೂ ಬೇರೆ ಲೋಕಗಳಿಂದ ಎತ್ತಿ ತಂದು ಹೊರಬಯಲಿನಲ್ಲಿ ಅವುಗಳ ನಿಜವಾದ ಜಾಗದಲ್ಲಿ ಇಡುವುದು. ಇನ್ನು ಹೆಬ್ಬಾಗಿಲು ಬರಿಯ ಬಾಗಿಲು. ತಳ್ಳಿದರೆ ತೆರೆಯುತ್ತದೆ, ಕುದುರೆಯ ಮೇಲೆ ಕುಳಿತೇ ಒಳಗೆ ಹೋಗಬಹುದು. ಕೇಳಲು ಎಷ್ಟು ಸೊಗಸು! ಆದರೆ ಮಾಡುವಾಗ ಏನೇನು ಎತ್ತಿಡಬೇಕೆಂದು ಯೋಚಿಸಿ. ಗೋಡೆ, ಕಲ್ಲು, ದೀಪದ ಕಂಬ ಸರಿಯೆ. ಪ್ರತಿಯೊಂದು ಮನೆಯ ಬಾಗಿಲು ಯಾವ ಒಳಮನೆಗೆ ಹೋಗುತ್ತದೆ, ಅಲ್ಲಿಂದ ಹೊರಬಂದವನು ಎಲ್ಲಿ ನಿಲ್ಲಬೇಕು ಎಂಬುದನ್ನು ಮತ್ತೆ ಕಟ್ಟಬೇಕು. ಅಂಗಡಿಯವನು ರಾತ್ರಿ ಮನೆಗೆ ಹೋಗುವ ದಾರಿಯನ್ನು ಮತ್ತೆ ತೋರಿಸಿಕೊಡಬೇಕು. ‘ಆಟಗಾರನು ವೈಟ್‌ರನ್ ಲೋಕವನ್ನು ಹೊಕ್ಕಾಗ ಈ ಪ್ರಸಂಗ ಶುರುವಾಗಲಿ’ ಎಂದು ಕಥೆಯಲ್ಲಿ ಎಲ್ಲಿಯೋ ಬರೆದಿರುತ್ತದೆ. ಈಗ ಅವನು ಆ ಲೋಕವನ್ನು ಹೊಗುವುದೇ ಇಲ್ಲವಲ್ಲ! ಅಂಥ ಸೂಚನೆಗಳನ್ನು ಒಂದೊಂದಾಗಿ ಹುಡುಕಿ ತಿದ್ದಬೇಕು. ಇದನ್ನೆಲ್ಲ ಸಂಬಳವಿಲ್ಲದೆ ಸಂಜೆಯ ಹೊತ್ತಿನಲ್ಲಿ ಮಾಡಬೇಕು.

ಮಾಡಿದರು. ಆದರೆ ಇನ್ನೊಂದು ತೊಡಕು ಬಂತು. ಅದು ಯಂತ್ರದ್ದಲ್ಲ, ನೆರೆಹೊರೆಯದು. ಈ ಹೊತ್ತಿಗೆ ಇತರರು ಆ ಪಟ್ಟಣಗಳಿಗೆಂದೇ ನೂರಾರು ಮಾಡ್‌ಗಳನ್ನು ಬರೆದಿದ್ದರು. ಒಬ್ಬರು ಮಾರುಕಟ್ಟೆಗೆ ಹೊಸ ಅಂಗಡಿ ಹಾಕಿದ್ದರು. ಒಬ್ಬರು ಬೀದಿಯುದ್ದಕ್ಕೂ ಮರ ನೆಟ್ಟಿದ್ದರು. ಅವರು ನೆಟ್ಟದ್ದು ಹಳೆಯ, ಮುಚ್ಚಿದ ಲೋಕದಲ್ಲಿ. ಪಟ್ಟಣವನ್ನು ಎತ್ತಿ ಹೊರಗಿಟ್ಟ ಮೇಲೆ ಆ ಅಂಗಡಿಯೂ ಆ ಮರಗಳೂ ಯಾರೂ ಹೋಗದ ಬರಿಯ ಊರಿನಲ್ಲಿ ಉಳಿದುಬಿಟ್ಟವು. ಎರಡನ್ನೂ ಹೊಂದಿಸಬೇಕಾದರೆ ಪ್ರತಿಯೊಂದು ಮಾಡ್‌ಗೂ ಒಂದೊಂದು ತೇಪೆ ಬರೆಯಬೇಕು. ಬಾಗಿಲ ಮುಂದೆ ಕೆಲವು ಕ್ಷಣ ಕಾಯುವುದನ್ನು ತಪ್ಪಿಸಲು ಇಷ್ಟು ಬೆಲೆ ಸರಿಯೆ? ಸರಿ ಎನ್ನುವವರಿದ್ದಾರೆ, ಕುದುರೆಯ ಮೇಲೆ ಕುಳಿತೇ ಊರು ಹೊಕ್ಕವನಿಗೆ ಮತ್ತೆ ಕದ ಮುಟ್ಟಿ ಕಾಯಲು ಮನಸ್ಸು ಬಾರದು. ನನ್ನ ಒಲವನ್ನು ಆಮೇಲೆ ಹೇಳುತ್ತೇನೆ.

ಪಟ್ಟಣವನ್ನು ಎತ್ತಿಡುವ ಗೋಜಿಲ್ಲದೆ ಬಯಲನ್ನೇ ಹಿಗ್ಗಿಸುವ ಸುಲಭದ ದಾರಿಯೊಂದು ಇನ್ನು ಕೆಲವರಿಗೆ ಹೊಳೆಯಿತು. ಜೀವಂತ ಚೌಕಗಳ ಲೆಕ್ಕ ಐದು ಎಂದು ಬರೆದಿರುವುದು ಒಂದು ಸಾಧಾರಣ ಪಠ್ಯದ ಕಡತದಲ್ಲಿ. ‘ಯು-ಗ್ರಿಡ್ಸ್-ಟು-ಲೋಡ್’ ಎಂಬುದು ಆ ಸಾಲಿನ ಹೆಸರು. ಅದನ್ನು ತಿದ್ದಲು ಯಾವ ವಿದ್ಯೆಯೂ ಬೇಡ. ಐದನ್ನು ಏಳು ಮಾಡಿದರೆ ಹೆಚ್ಚುವುದು ಎರಡೇ ಎಂದು ತೋರುತ್ತದೆ. ಆದರೆ ಇದು ಅಡ್ಡ-ಉದ್ದದ ಲೆಕ್ಕ: 25 ಇದ್ದದ್ದು 49 ಆಗುತ್ತದೆ, ಒಂಬತ್ತು ಮಾಡಿದರೆ 81, ಹನ್ನೊಂದು ಮಾಡಿದರೆ 121. ಚೌಕಗಳ ಜೊತೆಗೆ ಅವುಗಳಲ್ಲಿರುವ ತೋಳ, ಕಳ್ಳ, ದೈತ್ಯ ಎಲ್ಲರೂ ಎದ್ದು ಕೂಡುತ್ತಾರೆ. ಯಂತ್ರ ಎಲ್ಲರಿಗೂ ಯೋಚಿಸಬೇಕು.

ಅದಕ್ಕಿಂತ ವಿಚಿತ್ರವಾದ ಪರಿಣಾಮ ಒಂದುಂಟು. ಈ ಆಟದಲ್ಲಿ ಎಷ್ಟೋ ಪ್ರಸಂಗಗಳು ಆ ಚೌಕ ಜೀವಂತವಾದೊಡನೆ ಪ್ರಾರಂಭವಾಗುವಂತೆ ಬರೆದಿವೆ. ನೀವು ಸೇತುವೆಯ ಬಳಿಗೆ ಬರುವ ಹೊತ್ತಿಗೆ ಕಳ್ಳರು ದಾರಿಹೋಕನ ಮೇಲೆ ಬೀಳಬೇಕೆಂಬುದು ಬರೆದವನ ಇಚ್ಛೆ. ಐದರ ಲೆಕ್ಕದಲ್ಲಿ ಅದು ಸರಿಯಾಗಿ ನಿಮ್ಮ ಕಣ್ಮುಂದೆ ನಡೆಯುತ್ತದೆ. ಒಂಬತ್ತರ ಲೆಕ್ಕದಲ್ಲಿ ನೀವು ಇನ್ನೂ ಗುಡ್ಡದ ಆಚೆ ಇರುವಾಗಲೇ ಶುರುವಾಗಿ, ನೀವು ಬರುವ ಹೊತ್ತಿಗೆ ಹೆಣಗಳು ಮಾತ್ರ ಬಿದ್ದಿರುತ್ತವೆ. ನಟರು ಪ್ರೇಕ್ಷಕರು ಬರುವ ಮೊದಲೇ ನಾಟಕ ಮುಗಿಸಿ ಬಣ್ಣ ತೊಳೆದ ಹಾಗೆ. ದೂರದವರೆಗೂ ಎಲ್ಲವೂ ನಿಜವಾಗಿರಲಿ ಎಂದು ಬಯಸಿದವನಿಗೆ ಹತ್ತಿರದ ಕಥೆಯೇ ತಪ್ಪಿಹೋಗುತ್ತದೆ. ಲೋಕವನ್ನು ಕಟ್ಟಿದವರು ಐದು ಎಂಬ ಸಂಖ್ಯೆಯನ್ನು ನಂಬಿ ಕಥೆ ಬರೆದಿದ್ದರು. ಆ ನಂಬಿಕೆ ಯಾವ ಕಡತದಲ್ಲೂ ಬರೆದಿರಲಿಲ್ಲ.

‘ಹಾಗಾದರೆ ತೊಂದರೆಯೆಲ್ಲ ನೆನಪಿನ ಶಕ್ತಿಯದು, ಒಳ್ಳೆಯ ಯಂತ್ರ ಕೊಂಡರೆ ತೀರಿತು’ ಎಂದು ನೀವು ಹೇಳಬಹುದು. ಹಲವರು ಹಾಗೆಯೇ ಎಣಿಸಿದ್ದರು. ಮೊದಲು ಬಂದ ಸ್ಕೈರಿಮ್ 32 ಬಿಟ್ಟಿನ ಕಾರ್ಯಕ್ರಮ. ನಿಮ್ಮ ಯಂತ್ರದಲ್ಲಿ ಎಷ್ಟೇ ಇರಲಿ, ಅದು 2 ಗಿಗಾಬೈಟಿಗಿಂತ ಹೆಚ್ಚನ್ನು ಮುಟ್ಟಲಾರದು. ಉತ್ಸಾಹಿಗಳು ಅದನ್ನು ತಿದ್ದಿ 4 ಮಾಡಿಕೊಂಡರು. ಕೆಲವೇ ವಾರಗಳಲ್ಲಿ ಬೆಥೆಸ್ಡದವರೂ ಅದೇ ತಿದ್ದುಪಡಿಯನ್ನು ಹೊರತಂದರು. 32 ಬಿಟ್ಟಿಗೆ ಅದೇ ಕೊನೆಯ ಗೋಡೆ. 2016ರ ಅಕ್ಟೋಬರಿನಲ್ಲಿ 64 ಬಿಟ್ಟಿನ ಹೊಸ ಆವೃತ್ತಿ ಬಂತು. ಆ ಗೋಡೆ ಬಿದ್ದುಹೋಯಿತು. ಬಿದ್ದ ಮೇಲೆ ಅದರ ಹಿಂದೆ ನಿಂತಿದ್ದ ಬೇರೆ ಗೋಡೆಗಳು ಕಂಡವು.

ಒಂದು, ಹೆಸರಿಡುವ ಗೋಡೆ. ಈ ಲೋಕದಲ್ಲಿ ಪ್ರತಿ ವಸ್ತುವಿಗೂ ಎಂಟು ಅಂಕಿಯ ಒಂದು ಮನೆನಂಬರು ಉಂಟು. ಅಂಕಿಗಳು ನಮ್ಮ ಹತ್ತರ ಲೆಕ್ಕದವಲ್ಲ, ಹದಿನಾರರ ಲೆಕ್ಕದವು. ಅದರ ಮೊದಲ ಎರಡು ಅಂಕಿ ಬೀದಿಯ ನಂಬರಿನಂತೆ: ಯಾವ ಕಡತದಿಂದ ಬಂದ ವಸ್ತು ಎಂಬುದನ್ನು ಹೇಳುತ್ತದೆ. ಹದಿನಾರರ ಲೆಕ್ಕದ ಎರಡು ಅಂಕಿಗಳಲ್ಲಿ 256 ಹೆಸರುಗಳಷ್ಟೆ ಸಿಗುತ್ತವೆ. ಆಟವಾಡುವಾಗ ಹೊಸದಾಗಿ ಹುಟ್ಟುವ ವಸ್ತುಗಳಿಗೆಂದು ಒಂದನ್ನು ಕಾದಿರಿಸಿದ್ದಾರೆ. ಮೂಲ ಆಟವೂ ಸೇರಿ ಉಳಿದದ್ದು 255 ಕಡತ. 256ನೆಯ ಮಾಡ್ ಎಷ್ಟೇ ಚಿಕ್ಕದಾಗಿರಲಿ, ಒಂದೇ ಒಂದು ಚಮಚವನ್ನು ತರಲಿ, ಅದಕ್ಕೆ ಬೀದಿಯಿಲ್ಲ. ಹೊಸ ಆವೃತ್ತಿಯಲ್ಲಿ ಒಂದು ಬೀದಿಯನ್ನು ಸಣ್ಣ ಸಣ್ಣ ಗಲ್ಲಿಗಳಾಗಿ ಕತ್ತರಿಸಿ 4096 ಪುಟ್ಟ ಕಡತಗಳಿಗೆ ಜಾಗ ಮಾಡಿಕೊಟ್ಟರು; ಅಂಥ ಕಡತದಲ್ಲಿ ಮೊದಮೊದಲು 2048 ಹೊಸ ವಸ್ತುಗಳಿಗಷ್ಟೆ ಅವಕಾಶ. ಚಮಚಕ್ಕೆ ಸಾಕು. ದೇಶ ಕಟ್ಟುವವನಿಗೆ ಸಾಲದು. ಇದಲ್ಲದೆ ಒಂದೇ ಹೊತ್ತಿನಲ್ಲಿ ಎಂಜಿನ್ನು ಕೈಯಲ್ಲಿ ಹಿಡಿದಿರಬಲ್ಲ ವಸ್ತುಗಳಿಗೂ ಒಂದು ಮಿತಿಯುಂಟು: 10,48,576. ಹತ್ತು ಲಕ್ಷವೆಂದರೆ ಬಹಳ ಎನಿಸುತ್ತದೆ. ನೂರಾರು ಮಾಡ್‌ಗಳನ್ನು ಹಾಕಿಕೊಂಡವನಿಗೆ ಅದೂ ಸಾಲದೆ ಬಂದು, ಆಟ ಹೇಳದೆ ಕೇಳದೆ ನಿಂತುಹೋದದ್ದುಂಟು.

ಎರಡನೆಯದು ನೆಲದ ಗೋಡೆ. ನನಗೆ ಎಲ್ಲಕ್ಕಿಂತ ಸ್ವಾರಸ್ಯವಾಗಿ ತೋರುವುದು ಇದೇ. ಒಂದು ಚೌಕದ ನೆಲದ ಏರಿಳಿತವನ್ನು ಅಡ್ಡ 33, ಉದ್ದ 33 ಬಿಂದುಗಳ ಎತ್ತರವಾಗಿ ಬರೆದಿಡುತ್ತಾರೆ. ಎರಡು ಚೌಕಗಳು ಸೇರುವ ಗೆರೆಯ ಬಿಂದುಗಳು ಎರಡೂ ಚೌಕಗಳ ಪತ್ರದಲ್ಲಿ ಇರುತ್ತವೆ. ಎರಡು ಹೊಲಗಳ ನಡುವಣ ಬದು ಇದ್ದಂತೆ: ಒಂದೇ ಬದು, ಇಬ್ಬರ ಪತ್ರದಲ್ಲೂ ಅದರ ಅಳತೆ. ಇಬ್ಬರೂ ಒಂದೇ ಅಳತೆ ಬರೆದಿರುವ ತನಕ ಕ್ಷೇಮ. ಈಗ ಒಬ್ಬ ಮಾಡರ್ ತನ್ನ ಚೌಕದಲ್ಲಿ ಒಂದು ಗುಡ್ಡ ಎಬ್ಬಿಸುತ್ತಾನೆ. ಬದುವಿನ ಎತ್ತರ ಏರುತ್ತದೆ. ಪಕ್ಕದ ಚೌಕದ ಪತ್ರವನ್ನೂ ಅದಕ್ಕೆ ಸರಿಯಾಗಿ ತಿದ್ದುತ್ತಾನೆ. ಇವನ ಪರಿಚಯವೇ ಇಲ್ಲದ ಇನ್ನೊಬ್ಬ ಮಾಡರ್ ಬೇರೆಲ್ಲೋ ಕುಳಿತು ಆ ಪಕ್ಕದ ಚೌಕದಲ್ಲಿ ಒಂದು ಕೆರೆ ತೋಡಿರುತ್ತಾನೆ. ಅವನ ಪತ್ರದಲ್ಲಿ ಬದು ಹಳೆಯ ಎತ್ತರದಲ್ಲೇ ಇದೆ. ಎಂಜಿನ್ನು ಇಬ್ಬರನ್ನೂ ಕೂಡಿಸಿ ರಾಜಿ ಮಾಡುವುದಿಲ್ಲ. ಕೊನೆಯಲ್ಲಿ ಓದಿದ ಪತ್ರವೇ ಅದಕ್ಕೆ ಪ್ರಮಾಣ. ಫಲವೇನೆಂದರೆ, ಗುಡ್ಡಕ್ಕೂ ಕೆರೆಗೂ ನಡುವೆ ನೆಲ ಬಟ್ಟೆ ಹರಿದಂತೆ ಹರಿದು, ಆ ಸೀಳಿನಲ್ಲಿ ಲೋಕದ ತಳದ ಶೂನ್ಯ ಕಾಣುತ್ತದೆ.

ನೆಲದ ಮೇಲೆ ನಡೆಯುವವರ ಕಥೆಯೂ ಹೀಗೆಯೆ. ಆಟದ ಜನಕ್ಕೆ ಕಣ್ಣಿಲ್ಲ. ಎಲ್ಲಿ ಕಾಲಿಡಬಹುದು ಎಂಬುದನ್ನು ತ್ರಿಕೋನಗಳ ಒಂದು ಬಲೆಯಾಗಿ ನೆಲದ ಮೇಲೆ ಹಾಸಿರುತ್ತಾರೆ. ನ್ಯಾವ್‌ಮೆಶ್ ಎಂದು ಅದರ ಹೆಸರು. ಒಂದು ಚೌಕದ ಬಲೆಯ ಅಂಚು ಪಕ್ಕದ ಬಲೆಯ ಅಂಚಿಗೆ ಸರಿಯಾಗಿ ಕೂಡಿಕೊಳ್ಳಬೇಕು. ಇಬ್ಬರು ಇಬ್ಬಗೆಯಾಗಿ ಹೆಣೆದರೆ ಅಲ್ಲಿ ದಾರಿ ಕಡಿಯುತ್ತದೆ. ಆಗ ನಿಮ್ಮ ಬೆನ್ನ ಹಿಂದೆ ಬರುತ್ತಿದ್ದ ಸಂಗಾತಿ ಬಟ್ಟಬಯಲಿನ ನಡುವೆ, ಏನೂ ಅಡ್ಡವಿಲ್ಲದೆಡೆ, ಲಕ್ಷ್ಮಣರೇಖೆ ಎಳೆದಂತೆ ನಿಂತುಬಿಡುತ್ತಾನೆ. ಕರೆದರೆ ಬರುವುದಿಲ್ಲ. ನಿಮ್ಮ ಕಣ್ಣಿಗೆ ಹೊಲಿಗೆ ಕಾಣದು. ಅವನಿಗೆ ಅದೊಂದೇ ಕಾಣುವುದು. ಹೊರಬಯಲು ದೊಡ್ಡದಾದಷ್ಟೂ, ಅದರಲ್ಲಿ ಕೈ ಆಡಿಸುವವರು ಹೆಚ್ಚಿದಷ್ಟೂ ಇಂಥ ಬದುಗಳು ಹೆಚ್ಚುತ್ತವೆ. ಗೋಡೆ ಕಟ್ಟಿ ಬಾಗಿಲಿಟ್ಟ ಪಟ್ಟಣದೊಳಗೆ ಒಬ್ಬನು ಏನು ಮಾಡಿಕೊಂಡರೂ ಹೊರಗಿನವನ ಹೊಲಕ್ಕೆ ಅದರ ಬಿಸಿ ತಟ್ಟುವುದಿಲ್ಲ.

ಮೂರನೆಯದು ದೂರದ ಗೋಡೆ. ಲೋಕ ಎಷ್ಟು ದೊಡ್ಡದಾಗಬಹುದು? ಬೇಕಾದಷ್ಟು ಎಂದು ನಾವು ತಿಳಿಯುತ್ತೇವೆ. ಆದರೆ ಪ್ರತಿ ವಸ್ತುವೂ ಕೇಂದ್ರದಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಒಂದು ಸಂಖ್ಯೆಯಾಗಿ ಬರೆಯಬೇಕು; ಸಾಮಾನ್ಯವಾಗಿ ಆ ಸಂಖ್ಯೆಗೆ ಸುಮಾರು ಏಳು ಅಂಕಿಗಳ ಜಾಗ ಮಾತ್ರ. ದಶಾಂಶದ ಚುಕ್ಕಿ ಎಲ್ಲಿ ಬೇಕಾದರೂ ಬೀಳಬಹುದು, ಅಂಕಿಗಳು ಹೆಚ್ಚುವಂತಿಲ್ಲ. ಹತ್ತಿರದಲ್ಲಿದ್ದಾಗ 12.34567 ಎಂದು ಕೂದಲೆಳೆಯಷ್ಟು ಸೂಕ್ಷ್ಮವಾಗಿ ಬರೆಯಬಹುದು. ದೂರ ಹೋದಾಗ 123456.7 ಎಂದಷ್ಟೆ, ಹಿಂದಿನ ಅಂಕಿಗಳು ಉದುರಿಹೋದವು. ಮೀಟರಿನಲ್ಲಿ ಅಳೆಯುವ ಲೋಕವೊಂದರ ಕೇಂದ್ರ ಬೆಂಗಳೂರಿನಲ್ಲಿದ್ದು ನೀವು ಮೈಸೂರಿಗೆ ನಡೆದುಹೋದಿರಿ ಎಂದಿಟ್ಟುಕೊಳ್ಳಿ. ಅಲ್ಲಿ ಎರಡು ಬಿಂದುಗಳ ನಡುವೆ ಬರೆಯಬಹುದಾದ ಅತಿ ಸಣ್ಣ ಅಂತರ ಹೆಚ್ಚುಕಡಮೆ ಒಂದು ಸೆಂಟಿಮೀಟರು! ರೆಪ್ಪೆ ಮುಚ್ಚುವುದು, ತುಟಿ ಅಲುಗುವುದು ಅದಕ್ಕಿಂತ ಸಣ್ಣ ಚಲನೆ. ಆದುದರಿಂದ ಮುಖಗಳು ನಡುಗತೊಡಗುತ್ತವೆ, ಕೈಯಲ್ಲಿರುವ ಕತ್ತಿ ಕುಣಿಯುತ್ತದೆ. ಕೆರ್ಬಲ್ ಸ್ಪೇಸ್ ಪ್ರೋಗ್ರಾಂ ಎಂಬ ರಾಕೆಟ್ಟಿನ ಆಟದಲ್ಲಿ ದೂರ ಹೋದ ನೌಕೆಗಳು ತಾವಾಗಿಯೇ ನಡುಗಿ ಚೂರಾಗುತ್ತಿದ್ದವು. ಆಡುವವರು ಅದಕ್ಕೆ ಕ್ರಾಕನ್ ಎಂಬ ಕಡಲಭೂತದ ಹೆಸರಿಟ್ಟಿದ್ದರು. ಮಕ್ಕಳು ಇಟ್ಟಿಗೆ ಜೋಡಿಸುವ ಮೈನ್‌ಕ್ರಾಫ್ಟ್ ಆಟದಲ್ಲೂ 2011ರ ತನಕ 1,25,50,821ನೆಯ ಇಟ್ಟಿಗೆಯಾಚೆ ನೆಲ ಹುಚ್ಚುಹಿಡಿದು ಗೋಡೆಯಂತೆ ಎದ್ದು ನಿಲ್ಲುತ್ತಿತ್ತು. ಅದರ ಕಾರಣ ಸ್ವಲ್ಪ ಬೇರೆ: ನೆಲವನ್ನು ಹುಟ್ಟಿಸುವ ಲೆಕ್ಕದ ಸಂಖ್ಯೆಯೇ ತುಂಬಿ ಹರಿಯುವುದು. ಒಂದು ಪಾತ್ರೆ ಹಿಡಿಸುವಷ್ಟೇ ಹಿಡಿಸೀತು ಎಂಬುದು ಎರಡಕ್ಕೂ ಸಮಾನ.

ಈ ದೂರದ ಗೋಡೆಯನ್ನು ಬುಡದಿಂದಲೇ ಇಲ್ಲವಾಗಿಸಿದ ಆಟವೂ ಒಂದುಂಟು: 2002ರಲ್ಲಿ ಬಂದ ಡಂಜನ್ ಸೀಜ್. ಅದರಲ್ಲಿ ಲೋಕಕ್ಕೆ ಕೇಂದ್ರವೇ ಇಲ್ಲ. ಒಂದೊಂದು ತುಂಡು ನೆಲವೂ ತನ್ನ ನೆರೆಯ ತುಂಡಿಗೆ ಹೇಗೆ ಅಂಟಿದೆ ಎಂಬುದನ್ನಷ್ಟೆ ಬಲ್ಲುದು. ಆಡುವವನು ನಿಂತ ತುಂಡೇ ಆ ಹೊತ್ತಿನ ಕೇಂದ್ರ. ಮೊದಲಿನಿಂದ ಕೊನೆಯವರೆಗೆ ಕಪ್ಪು ತೆರೆಯಿಲ್ಲದೆ ನಡೆಯಬಹುದು. ಬಹು ಜಾಣತನದ ಕೆಲಸ. ಅದರ ಬೆಲೆಯೂ ಇದೆ: ಈ ಊರಿಗೂ ಆ ಊರಿಗೂ ಎಷ್ಟು ದೂರ ಎಂಬ ಸರಳ ಪ್ರಶ್ನೆಗೂ ನೆರೆಯಿಂದ ನೆರೆಗೆ ದಾರಿ ಹಿಡಿದು ಲೆಕ್ಕ ಹಾಕಬೇಕು. ನಿಂತಿರುವ ಮನೆಗೆ ಇಂಥ ಅಡಿಪಾಯವನ್ನು ಆಮೇಲೆ ತೂರಿಸಲಾಗುವುದಿಲ್ಲ. ಮೊದಲ ದಿನವೇ ಹಾಕಬೇಕು. ಬಾಡಿಗೆಯವನ ಕೈಯಲ್ಲಿ ಆಗುವ ಕೆಲಸ ಅದಲ್ಲ.

ಈ ಗೋಡೆಗಳನ್ನೆಲ್ಲ ಬಲ್ಲವರು ದೊಡ್ಡ ದೇಶ ಕಟ್ಟಹೊರಟಾಗ ಏನು ಮಾಡಿದರು? ಎರಡು ತಂಡಗಳನ್ನು ಹೋಲಿಸಿ ನೋಡುವುದು ಉಪಯುಕ್ತ. ಒಂದು, ಟಾಮ್ರಿಯಲ್ ರೀಬಿಲ್ಟ್. ಮಾರೋವಿಂಡ್ ಆಟ ಒಂದು ದ್ವೀಪವನ್ನು ಮಾತ್ರ ತೋರಿಸುತ್ತದೆ ಎಂದು ತಿಳಿದು, ಅದರ ಸುತ್ತಲ ಭೂಭಾಗವನ್ನು ತಾವೇ ಕಟ್ಟುತ್ತೇವೆಂದು 2001ರಲ್ಲಿ, ಆಟ ಬಿಡುಗಡೆಯಾಗುವ ಮೊದಲೇ ಕೂಡಿಕೊಂಡ ತಂಡ ಇದು. ಆ ಹಳೆಯ ಎಂಜಿನ್ನಿಗೆ ಹೊರಲೋಕ ಎಂಬುದು ಒಂದೇ. ಎರಡನೆಯದನ್ನು ಮಾಡಲು ಬರುವುದೇ ಇಲ್ಲ. ಆ ಕೊರತೆಯೇ ಇವರಿಗೆ ವರವಾಯಿತು. ಎಲ್ಲರೂ ಒಂದೇ ಹಾಸಿನ ಮೇಲೆ ಚೌಕದ ಪಕ್ಕ ಚೌಕ ಜೋಡಿಸುತ್ತ ಹೋದರು. ದ್ವೀಪದ ದಂಡೆಯಿಂದ ನೀರಿಗಿಳಿದು ಈಜಿ ಅವರು ಕಟ್ಟಿದ ನಾಡಿನ ದಡ ಹತ್ತಬಹುದು, ನಡುವೆ ತೆರೆ ಬೀಳುವುದಿಲ್ಲ. ಚೌಕಚೌಕಕ್ಕೂ ಬದು ಸರಿನೋಡುವ ಕೆಲಸಕ್ಕಾಗಿ ಅವರು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಒಂದೇ ಮೇಳವಾಗಿ ದುಡಿಯಬೇಕಾಗಿದೆ.

ಇನ್ನೊಂದು, ಬಿಯಾಂಡ್ ಸ್ಕೈರಿಮ್. ಇವರದು ಹೊಸ ಎಂಜಿನ್ನು. ಬೇಕಾದಷ್ಟು ಲೋಕಗಳನ್ನು ಮಾಡಬಹುದು. 2017ರಲ್ಲಿ ಇವರು ಬ್ರೂಮಾ ಎಂಬ ಪಟ್ಟಣವನ್ನೂ ಅದರ ಸುತ್ತಲ ಸೀಮೆಯನ್ನೂ ಹೊರತಂದರು. ಸ್ಕೈರಿಮ್‌ನ ದಕ್ಷಿಣದ ಬೆಟ್ಟಗಳ ನಡುವೆ ಒಂದು ಗಡಿಬಾಗಿಲು. ಅದನ್ನು ದಾಟುವಾಗ ಕಪ್ಪು ತೆರೆ ಬೀಳುತ್ತದೆ. ಎದ್ದಾಗ ನೆರೆಯ ದೇಶ. ಹೊಲಿಗೆಯನ್ನು ಅಡಗಿಸುವ ಬದಲು ಅದನ್ನು ಗಡಿಯ ಮೇಲೆಯೇ ಇಟ್ಟರು. ಹಿಮದ ಕಣಿವೆಯಲ್ಲಿ, ಕಾವಲುಗಾರರ ನಡುವೆ ಒಂದು ದೇಶ ಮುಗಿದು ಇನ್ನೊಂದು ಹುಟ್ಟುವ ಜಾಗದಲ್ಲಿ ಒಂದು ಕ್ಷಣ ತಡೆದು ನಿಲ್ಲುವುದು ಯಾರಿಗೂ ಅಸಹಜವೆನಿಸುವುದಿಲ್ಲ. ಪ್ರತಿ ಪ್ರಾಂತದ ತಂಡವೂ ತನ್ನ ಲೋಕದೊಳಗೆ ತನ್ನ ಪಾಡಿಗೆ ಕೆಲಸ ಮಾಡಬಹುದು. ಒಬ್ಬರ ಗುಡ್ಡ ಇನ್ನೊಬ್ಬರ ಕೆರೆಯನ್ನು ಹರಿಯುವುದಿಲ್ಲ.

ನನ್ನ ಒಲವು ಈ ಎರಡನೆಯವರ ಕಡೆಗೆ. ಊರ ಹೆಬ್ಬಾಗಿಲಿನ ಹೊಲಿಗೆ ಕಣ್ಣಿಗೆ ಚುಚ್ಚುತ್ತದೆ, ಏಕೆಂದರೆ ಊರಿಗೂ ಹೊಲಕ್ಕೂ ದಿನಕ್ಕೆ ಹತ್ತು ಬಾರಿ ಓಡಾಡುತ್ತೇವೆ. ಘಟ್ಟದ ಮೇಲಿನ ಹೊಲಿಗೆಯನ್ನು ದಾಟುವುದು ಅಪರೂಪಕ್ಕೆ. ಆದರೆ ಮೊದಲನೆಯವರ ತಾಳ್ಮೆಗೆ ಕೈಮುಗಿಯದೆ ಇರಲಾರೆ. ಅವರ ಬೆನ್ನಿಗೆ ಈಗ ಓಪನ್‌ಎಂಡಬ್ಲ್ಯು ಎಂಬ ಇನ್ನೊಂದು ತಂಡವೂ ಇದೆ. 2008ರಿಂದ ಕೆಲಸ ಮಾಡುತ್ತ, ಹಳೆಯ ಮಾರೋವಿಂಡ್‌ನ ಎಂಜಿನ್ನನ್ನೇ ಮೊದಲಿನಿಂದ ಹೊಸದಾಗಿ, ಎಲ್ಲರಿಗೂ ಕಾಣುವಂತೆ ಬರೆದವರು ಅವರು. 255 ಕಡತಗಳ ಕಟ್ಟು ಅದರಲ್ಲಿಲ್ಲ. ಮುಂದಿನ ಚೌಕಗಳನ್ನು ನೀವು ಬರುವ ಮೊದಲೇ ತೆರೆಮರೆಯಲ್ಲಿ ಸಿದ್ಧಮಾಡಿಡುತ್ತದೆ. ತೊಲೆ ಕಂಬ ಮುಟ್ಟಬಾರದೆಂದಾಗ ಪಕ್ಕದಲ್ಲಿ ಬೇರೆ ಮನೆಯನ್ನೇ ಕಟ್ಟಿ, ಹಳೆಯ ಮನೆಯ ಸಾಮಾನನ್ನೆಲ್ಲ ಅಲ್ಲಿಗೆ ಸಾಗಿಸಿದ ಹಾಗೆ. ಮೂಲ ಆಟವನ್ನು ಕೊಂಡಿರಬೇಕು ಎಂಬುದೊಂದೇ ಕರಾರು.

ಕೊನೆಗೆ ನಿಮ್ಮ ಮನೆಯಲ್ಲಿ ಹಳೆಯ ಸ್ಕೈರಿಮ್ ಆಡುವವರಿದ್ದರೆ ಒಂದು ಮಾತು. ಐದನ್ನು ಏಳು ಮಾಡುವ ಆಸೆ ಇಂದಲ್ಲ ನಾಳೆ ಅವರಿಗೆ ಬಂದೇ ಬರುತ್ತದೆ. ಬಂದಾಗ, ಅದಕ್ಕೆ ಮೊದಲು ಉಳಿಸಿಟ್ಟ ಆಟಗಳ ಕಡತಗಳನ್ನು ಬೇರೆಡೆಗೆ ಒಂದು ಪ್ರತಿ ಮಾಡಿಡಲು ಹೇಳಿ. ಏಳರ ಲೆಕ್ಕದಲ್ಲಿ ಆಡಿ ಉಳಿಸಿದ ಆಟ ಆ ಸಂಖ್ಯೆಯನ್ನು ತನ್ನೊಳಗೆ ಹೊತ್ತುಕೊಂಡಿರುತ್ತದೆ. ಆಮೇಲೆ ಮನಸ್ಸು ಬದಲಾಯಿಸಿ ಪುನಃ ಐದು ಎಂದು ಬರೆದರೆ ಆ ಆಟ ತೆರೆಯುವುದೇ ಇಲ್ಲ. ತಿಂಗಳುಗಟ್ಟಲೆ ಆಡಿದ್ದು ಒಂದು ಅಂಕಿಯ ದೆಸೆಯಿಂದ ಹೋಗಿಬಿಟ್ಟಿತೆಂದು ರಾತ್ರಿ ಊಟ ಬಿಟ್ಟು ಕುಳಿತವರನ್ನು ಸಮಾಧಾನ ಮಾಡುವ ಕೆಲಸ ಮನೆಯ ದೊಡ್ಡವರದಾಗುತ್ತದೆ.